ಮರಳಿ ಸುರಿದ ಅಕ್ಕಿ

ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯ ಕಾಳುಗಳನ್ನು ಆಯ್ದು ತರುವುದು ಶರಣ ಮಾರಯ್ಯನವರ ಕಾಯಕವಾಗಿದ್ದಿತು. ಆ ಅಕ್ಕಿಯಿಂದಲೇ ಪತ್ನಿ ಲಕ್ಕಮ್ಮನವರು ಅಡಿಗೆ ಮಾಡಿ ಜಂಗಮಕ್ಕೆ ನೀಡುತ್ತಿದ್ದರು. ಬಳಿಕ ಉಳಿದ ಪ್ರಸಾದವನ್ನು ಸತಿಪತಿಗಳಿಬ್ಬರೂ ಸ್ವೀಕರಿಸುತ್ತಿದ್ದರು. ಒಂದು ದಿನ ಅಂಗಳದಲ್ಲಿ ಎಂದಿಗಿಂತಲೂ ಹೆಚ್ಚು ಅಕ್ಕಿ ಚೆಲ್ಲಿದ್ದಿತು. ಮಾರಯ್ಯನವರು ಅದೆಲ್ಲವನ್ನೂ ಆಯ್ದು ಮನೆಗೆ ತಂದರು. ಅದು ಕದ್ದುದಲ್ಲ, ಬೇಡಿ ತಂದುದಲ್ಲ. ಬೆನ್ನು ಬಾಗಿಸಿ ದುಡಿದು ತಂದುದೇ ಅಹುದು. ಆದರೂ ಲಕ್ಕಮ್ಮನವರು ಆ ಗಂಟನ್ನು ಕಂಡು ಹರ್ಷಪಡಲಿಲ್ಲ. ನಿತ್ಯದ ಅಳತೆಗೆ ಮೀರಿದುದನ್ನು ಒಯ್ದು, ಎಲ್ಲಿಂದ ತಂದಿದ್ದರೋ ಅಲ್ಲಿಯೇ ಸುರಿದು ಬರಬೇಕೆಂದು ಪತಿಗೆ ತಿಳಿಯಹೇಳಿದರು. ಮಾರಯ್ಯನವರು ಹಾಗೆಯೇ ಮಾಡಿದರು.

ಈ ಪ್ರಸಂಗವನ್ನು ಕೇಳದ ಭಕ್ತರಿಲ್ಲ. ಆದರೆ ಕೇಳಿದಷ್ಟು ಸುಲಭವಾಗಿ ಇದರ ಅರ್ಥವು ಮನಸ್ಸಿಗೆ ಇಳಿಯುವುದಿಲ್ಲ. ಅಕ್ಕಿಯು ಹೇಗೆ ಬಂದಿತೆಂದು ಲಕ್ಕಮ್ಮನವರು ಕೇಳಲಿಲ್ಲ. ಎಷ್ಟು ಬಂದಿತೆಂದು ಕೇಳಿದರು. ಮಾರ್ಗವು ಶುದ್ಧವಾಗಿದ್ದರೂ ಮಿತಿಯು ತಪ್ಪಿದರೆ ಕಾಯಕವು ಕೆಡುವುದೆಂಬುದು ಆ ತಾಯಿಯ ನಿಲುವು. ಕಾಯಕದ ಶುದ್ಧಿ ಒಂದು, ಅಳತೆಯ ಶುದ್ಧಿ ಇನ್ನೊಂದು. ಎರಡೂ ಕೂಡಿದಲ್ಲಿಯೇ ಲಿಂಗಾರ್ಪಿತ.

ಇಂದು ಲೋಕದಲ್ಲೆಲ್ಲ ನಡೆದಿರುವ ಒಂದು ದೊಡ್ಡ ವಾದದ ನಡುವೆ ಈ ಸಣ್ಣ ಪ್ರಸಂಗವನ್ನು ಇಟ್ಟು ನೋಡಬೇಕಾಗಿದೆ. ಕಲ್ಲಿದ್ದಲು, ಎಣ್ಣೆ, ಅನಿಲ ಇವುಗಳನ್ನು ಸುಟ್ಟಾಗ ಏಳುವ ಇಂಗಾಲದ ಡೈ ಆಕ್ಸೈಡ್ ಎಂಬ ವಾಯುವು, ಭೂಮಿಯಿಂದ ಹೊರಗೆ ಹೋಗಬೇಕಾದ ಶಾಖವನ್ನು ಕಂಬಳಿಯಂತೆ ತಡೆದು ಹಿಡಿಯುತ್ತದೆ. ಯಂತ್ರಯುಗಕ್ಕೆ ಮುನ್ನ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇದು ಸುಮಾರು 280 ಭಾಗ ಇದ್ದಿತು. 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿಯು ಇದನ್ನು ಎಡೆಬಿಡದೆ ಅಳೆಯತೊಡಗಿದಾಗ ಸುಮಾರು 315 ಭಾಗವಾಗಿದ್ದಿತು. ಈಗ 420ನ್ನೂ ಮೀರಿದೆ. ಇದರಿಂದ ಭೂಮಿಯ ಸರಾಸರಿ ಉಷ್ಣತೆಯು ಒಂದು ಡಿಗ್ರಿಗೂ ಹೆಚ್ಚು ಏರಿರುವುದು. 2015ರಲ್ಲಿ ಪ್ಯಾರಿಸ್ ನಗರದಲ್ಲಿ ನೆರೆದ ರಾಷ್ಟ್ರಗಳು, ಈ ಏರಿಕೆಯು ಎರಡು ಡಿಗ್ರಿಗಿಂತ ಸಾಕಷ್ಟು ಕೆಳಗೇ ನಿಲ್ಲಬೇಕು, ಸಾಧ್ಯವಾದರೆ ಒಂದೂವರೆ ಡಿಗ್ರಿಯಲ್ಲಿಯೇ ನಿಲ್ಲಬೇಕು ಎಂದು ಒಪ್ಪಿಕೊಂಡವು.

ಇದು ದೂರದ ದೇಶಗಳ ಮಾತೆಂದು ಒಕ್ಕಲಿಗನು ಸುಮ್ಮನಿರುವಂತಿಲ್ಲ. 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆಗಳು ಉಕ್ಕಿ ಬೆಳಗಾವಿ, ಬಾಗಲಕೋಟೆ, ಗದಗ ಜಿಲ್ಲೆಗಳ ಊರುಗಳು ಮುಳುಗಿದವು. ನಾಲ್ಕು ವರ್ಷ ಕಳೆದು 2023ರಲ್ಲಿ ಮಳೆಯು ಕೈಕೊಟ್ಟಿತು; ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರಕಾರವು ಸಾರಿತು. ಒಂದೊಂದು ನೆರೆಗೂ ಒಂದೊಂದು ಬರಕ್ಕೂ ಇದೊಂದೇ ಕಾರಣವೆಂದು ಹೇಳುವುದು ಸತ್ಯವಾಗದು. ಆದರೆ ಗಾಳಿಯು ಬಿಸಿಯೇರಿದಷ್ಟೂ ಹೆಚ್ಚು ನೀರಾವಿಯನ್ನು ಹೊರುತ್ತದೆ. ಸುರಿದಾಗ ಒಮ್ಮೆಲೇ ಸುರಿಸುತ್ತದೆ, ಸುರಿಯದಾಗ ನೆಲದ ಹಸಿಯನ್ನು ಬೇಗನೆ ಹೀರುತ್ತದೆ. ಬಿತ್ತುವ ಹದವನ್ನು ತಲೆತಲಾಂತರದಿಂದ ಬಲ್ಲ ರೈತನ ಲೆಕ್ಕವೇ ಇದರಿಂದ ತಪ್ಪತೊಡಗಿರುವುದು.

ಹಾಗಾದರೆ ಮಾಡತಕ್ಕದ್ದೇನು? ಇಲ್ಲಿಯೇ ವಾದವು ಕವಲೊಡೆಯುವುದು. ಮಾರಯ್ಯನವರ ಹುಟ್ಟೂರಾದ ಅಮರೇಶ್ವರವು ಇಂದಿನ ರಾಯಚೂರು ಜಿಲ್ಲೆಯಲ್ಲಿದೆ. ಅದೇ ಜಿಲ್ಲೆಯ ಶಕ್ತಿನಗರದಲ್ಲಿ, ಕೃಷ್ಣಾ ನದಿಯ ದಡದ ಮೇಲೆ, 1985ರಲ್ಲಿ ಕಲ್ಲಿದ್ದಲಿನ ಮೊದಲ ವಿದ್ಯುತ್ ಘಟಕವು ಕೆಲಸ ಆರಂಭಿಸಿತು. ಮುಂದೆ ಅದು ಎಂಟು ಘಟಕಗಳಾಗಿ 1,720 ಮೆಗಾವ್ಯಾಟ್ ಸಾಮರ್ಥ್ಯಕ್ಕೆ ಬೆಳೆಯಿತು. ಎಷ್ಟೋ ಊರುಗಳ ದೀಪ, ಎಷ್ಟೋ ರೈತರ ಪಂಪ್‌ಸೆಟ್ಟು, ಎಷ್ಟೋ ಆಸ್ಪತ್ರೆಗಳ ಯಂತ್ರ ಇದರಿಂದ ನಡೆದಿವೆ. ಇದನ್ನು ಮರೆತು ಕಲ್ಲಿದ್ದಲನ್ನು ಬಯ್ಯುವುದು ಉಂಡ ಮನೆಯನ್ನು ಬಯ್ದಂತೆ. ಆದರೆ ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ತು ಹುಟ್ಟುವಾಗ ಅರ್ಧ ಕಿಲೋಗ್ರಾಮಿಗೂ ಹೆಚ್ಚು ಕಲ್ಲಿದ್ದಲು ಬೂದಿಯಾಗಿ, ಸುಮಾರು ಒಂದು ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡ್ ಆಕಾಶಕ್ಕೆ ಏರುವುದೆಂಬುದೂ ಅಷ್ಟೇ ಸತ್ಯ.

ಆದುದರಿಂದ ಸೂರ್ಯನಿಂದಲೂ ಗಾಳಿಯಿಂದಲೂ ವಿದ್ಯುತ್ತನ್ನು ಪಡೆಯಬೇಕೆಂಬ ಮಾತು ಬಂದಿತು. ಅದು ಒಳ್ಳೆಯ ಮಾತು. ತುಮಕೂರು ಜಿಲ್ಲೆಯ ಪಾವಗಡದಲ್ಲಿ, ಮೇಲಿಂದ ಮೇಲೆ ಬರ ಕಂಡ ಸುಮಾರು 13,000 ಎಕರೆ ನೆಲದಲ್ಲಿ, 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರವಿದ್ಯುತ್ ಕ್ಷೇತ್ರವು ಎದ್ದಿತು. ಭೂಮಿಯನ್ನು ಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆದು, ಮೊದಲಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಕೊಡಲು ಗೊತ್ತುಮಾಡಿದ್ದು ಮೆಚ್ಚತಕ್ಕ ಕ್ರಮ. ಆದರೆ ನೆಲವುಳ್ಳವನಿಗೆ ಗುತ್ತಿಗೆಯ ಹಣ ಬಂದಿತು. ಆ ನೆಲದಲ್ಲಿ ಕೂಲಿ ಮಾಡುತ್ತಿದ್ದವನಿಗೂ ಕುರಿ ಮೇಯಿಸುತ್ತಿದ್ದವನಿಗೂ ಏನು ಬಂದಿತು ಎಂಬ ಪ್ರಶ್ನೆ ಉಳಿಯಿತು.

ಸೂರ್ಯನು ಹಗಲಿನಲ್ಲಿ ಬೆಳಗುತ್ತಾನೆ. ದೀಪವು ಬೇಕಾಗುವುದು ಇರುಳಿನಲ್ಲಿ. ಹಗಲಿನ ಶಕ್ತಿಯನ್ನು ಇರುಳಿಗೆ ಕಾದಿಡುವ ಉಪಾಯವಾಗಿ ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟಿನ ಯೋಜನೆಯೊಂದು ಮುಂದೆ ಬಂದಿತು. ಕೆಳಗಿನ ಗೇರುಸೊಪ್ಪೆಯ ಜಲಾಶಯದಿಂದ ಮೇಲಿನ ತಲಕಳಲೆಗೆ ನೀರನ್ನು ಎತ್ತಿ, ಬೇಕಾದಾಗ ಕೆಳಗೆ ಬಿಟ್ಟು ವಿದ್ಯುತ್ತನ್ನು ಪಡೆಯುವುದೇ ಇದರ ಕ್ರಮ. ಎತ್ತಲು ತಗಲುವಷ್ಟು ಶಕ್ತಿ ಇಳಿಸುವಾಗ ಮರಳಿ ಬಾರದು. ಆದರೂ ಬೇಕಾದ ಹೊತ್ತಿಗೆ ದೊರೆಯುವುದೆಂಬುದು ಯೋಜಕರ ಮಾತು. ಆ ಕಣಿವೆಯಾದರೋ ಸಿಂಗಳೀಕಗಳ ಮನೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ ಹೊಲಮನೆಗಳನ್ನು ನೀರಿಗೆ ಬಿಟ್ಟು ಎದ್ದವರ ಮಕ್ಕಳು ಮೊಮ್ಮಕ್ಕಳು ಭೂಮಿಯ ಹಕ್ಕಿಗಾಗಿ ಹಲವು ದಶಕ ಅಲೆದರು. ಹೀಗೆ ಹವಾಮಾನವನ್ನು ಉಳಿಸಲು ಹೊರಟ ಯೋಜನೆಯೇ ಕಾಡನ್ನು ಬೇಡುವ ಇಕ್ಕಟ್ಟು ಉಂಟಾಯಿತು. ಎರಡು ಪಕ್ಷಗಳಲ್ಲಿಯೂ ಸತ್ಯವುಂಟು. ಎರಡು ಪಕ್ಷಗಳಲ್ಲಿಯೂ ಕೋಪವುಂಟು.

ಇಂಥ ವಾದಗಳಲ್ಲಿ ಮಠಗಳು ದೂರ ನಿಂತು ನೋಡಲಿಲ್ಲವೆಂಬುದು ಸಮಾಧಾನದ ಸಂಗತಿ. 2011ರಲ್ಲಿ ಗದಗ ಜಿಲ್ಲೆಯ ಹಳ್ಳಿಗುಡಿಯ ಬಳಿ ದೊಡ್ಡ ಉಕ್ಕಿನ ಕಾರ್ಖಾನೆಗೆ ರೈತರ ಭೂಮಿಯನ್ನು ಕೇಳಿದಾಗ, ಗದುಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಮಹಾಸ್ವಾಮಿಗಳು ರೈತರ ಮುಂದಾಳಾಗಿ ನಿಂತರು. ಕಾರ್ಖಾನೆಯು ಅಲ್ಲಿಗೆ ಬರಲಿಲ್ಲ. 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಸಾರಲ್ಪಟ್ಟ ಕಪ್ಪತಗುಡ್ಡಕ್ಕೆ ಮರುವರ್ಷವೇ ಆ ರಕ್ಷಣೆಯು ತಪ್ಪಿದಾಗಲೂ ಅವರು ಜನರೊಡನೆ ಧರಣಿ ಕುಳಿತರು. 2017ರಲ್ಲಿ ರಕ್ಷಣೆಯು ಮರಳಿ ದೊರೆಯಿತು. 2018ರಲ್ಲಿ ಸ್ವಾಮಿಗಳು ಲಿಂಗೈಕ್ಯರಾದರು; 2019ರಲ್ಲಿ ಆ ಗುಡ್ಡವು ವನ್ಯಜೀವಿಧಾಮವೆನಿಸಿತು. ಔಷಧಿಯ ಗಿಡಮೂಲಿಕೆಗಳಿಗೆ ಹೆಸರಾದ ಆ ಗುಡ್ಡದ ಸಾಲಿನಲ್ಲಿಯೇ ಇಂದು ಗಾಳಿಯಂತ್ರಗಳೂ ತಿರುಗುತ್ತಿವೆ. ಬೆಟ್ಟವನ್ನು ಅಗೆಯುವುದನ್ನು ತಡೆದವರಿಗೂ ಬೆಟ್ಟದ ಗಾಳಿಯಿಂದ ಬಂದ ವಿದ್ಯುತ್ತು ಬೇಕು. ಇದನ್ನು ಬಲ್ಲವನು ವಾದದಲ್ಲಿ ವಿನಯವನ್ನು ಕಲಿಯುವನು.

ವಾದವು ಹೇಗೆ ನಡೆಯಬೇಕೆಂಬುದಕ್ಕೂ ಶರಣರೇ ಮೇಲ್ಪಂಕ್ತಿ. ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಶೂನ್ಯಸಿಂಹಾಸನದ ಮೇಲಿದ್ದರು. ಎದುರಿಗೆ ಮಂತ್ರಿಯಾದ ಬಸವಣ್ಣನವರೂ ಇದ್ದರು, ದೋಣಿ ನಡೆಸುವ ಚೌಡಯ್ಯನವರೂ ಇದ್ದರು, ಚರ್ಮದ ಕಾಯಕದ ಹರಳಯ್ಯನವರೂ ಇದ್ದರು. ಪದವಿಯನ್ನು ನೋಡಿ ಅಲ್ಲಿ ಮಾತಿಗೆ ಬೆಲೆ ಕಟ್ಟುತ್ತಿರಲಿಲ್ಲ. ಇಂದಿನ ಶಕ್ತಿನೀತಿಯ ಸಭೆಗಳಲ್ಲಿ ಹೂಡಿಕೆಯವರಿಗೂ ತಜ್ಞರಿಗೂ ಪೀಠವುಂಟು. ಮುಳುಗಡೆಯಾದ ಊರಿನವನಿಗೆ, ಕುರಿಗಾಹಿಗೆ, ಹೊಗೆಯ ಒಲೆಯ ಮುಂದೆ ಕಣ್ಣೊರೆಸಿಕೊಳ್ಳುವ ತಾಯಿಗೆ ಪೀಠವುಂಟೇ? ಕಳೆದುಕೊಳ್ಳುವವನ ಮಾತನ್ನು ಮೊದಲು ಕೇಳದ ಸಭೆಯು ಅನುಭವ ಮಂಟಪದ ಹೆಸರನ್ನು ಹೇಳಿಕೊಳ್ಳಲಾರದು.

ಆದರೆ ಇಷ್ಟೆಲ್ಲ ವಾದದಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ವಿದ್ಯುತ್ತನ್ನು ಎಲ್ಲಿಂದ ತರಬೇಕು? ಕಲ್ಲಿದ್ದಲಿನಿಂದಲೋ, ಅಣುವಿನಿಂದಲೋ, ನೀರಿನಿಂದಲೋ, ಸೂರ್ಯನಿಂದಲೋ? ಇದು ಮಾರಯ್ಯನವರ ಪ್ರಶ್ನೆ. ಎಷ್ಟು ಬೇಕು, ಹೆಚ್ಚಾದುದು ಯಾರ ಪಾಲಿನದು ಎಂಬ ಲಕ್ಕಮ್ಮನವರ ಪ್ರಶ್ನೆಯನ್ನು ಕೇಳುವವರು ವಿರಳ. ಆ ಪ್ರಶ್ನೆಯನ್ನು ಬಿಟ್ಟರೆ ಮಾರ್ಗವೆಷ್ಟು ಶುದ್ಧವಾದರೂ ಸಾಲದು. ಮಿತಿಯಿಲ್ಲದ ಬೇಡಿಕೆಗೆ ಸೂರ್ಯನ ಬೆಳಕನ್ನೇ ತಂದು ಸುರಿದರೂ, ಆ ಬೆಳಕನ್ನು ಹಿಡಿಯಲು ಇನ್ನೊಂದು ಹೊಲ, ಕಾದಿಡಲು ಇನ್ನೊಂದು ಕಣಿವೆ, ಸಾಗಿಸಲು ಇನ್ನೊಂದು ಕಾಡು ಬೇಕಾಗುತ್ತಲೇ ಹೋಗುವುದು.

ಇಲ್ಲಿ ಗೃಹಸ್ಥನೊಬ್ಬನು ಕೇಳಬಹುದು: ಭೂಮಿಯನ್ನು ಕಾಯಿಸಿದವರು ಸಿರಿವಂತ ದೇಶದವರು, ಅಮೆರಿಕದಲ್ಲಿ ತಲೆಯೊಂದಕ್ಕೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈ ಆಕ್ಸೈಡ್ ಏಳುವಾಗ ಭಾರತದಲ್ಲಿ ಏಳುವುದು ಸುಮಾರು 2 ಟನ್, ಹೀಗಿರಲು ಮಿತಿಯ ಉಪದೇಶವು ಇಲ್ಲಿಯ ಬಡವನಿಗೇಕೆ? ಈ ಮಾತು ನ್ಯಾಯವಾದುದು. ಹೊಣೆಯು ಎಲ್ಲರದಾದರೂ ಸಮನಾದುದಲ್ಲವೆಂದು 1992ರಲ್ಲಿ ರಿಯೋ ನಗರದ ಸಮ್ಮೇಳನವೂ ಒಪ್ಪಿತು. ರಾಷ್ಟ್ರಗಳ ಸಭೆಯಲ್ಲಿ ಭಾರತವು ಈ ನ್ಯಾಯವನ್ನು ಬಿಡದೆ ಕೇಳತಕ್ಕದ್ದೇ ಸರಿ. ಆದರೆ ಎರಡು ಟನ್ನೆಂಬುದು ಸರಾಸರಿಯ ಲೆಕ್ಕ. ಒಂದೇ ದೀಪದ ಗುಡಿಸಲೂ, ಕೋಣೆ ಕೋಣೆಗೆ ತಂಪುಯಂತ್ರವುಳ್ಳ ಮಾಳಿಗೆಯೂ ಅದರಲ್ಲಿ ಒಂದಾಗಿ ಕೂಡಿವೆ. ಗುಡಿಸಲನ್ನು ಮುಂದೆ ನಿಲ್ಲಿಸಿ ಮಾಳಿಗೆಯು ಅದರ ಹಿಂದೆ ಅಡಗುವುದು ಶರಣಧರ್ಮವಲ್ಲ. ಅರಸರ ಕಣಜಗಳಲ್ಲಿ ಇದಕ್ಕಿಂತ ಹೆಚ್ಚು ಅಕ್ಕಿ ಉಂಟೆಂದು ಮಾರಯ್ಯನವರು ವಾದಿಸಬಹುದಾಗಿದ್ದಿತು, ವಾದಿಸಲಿಲ್ಲ. ಪರರ ಹೆಚ್ಚಳವು ತನ್ನ ಹೆಚ್ಚಳಕ್ಕೆ ಪ್ರಮಾಣವಾಗದೆಂದು ಆ ದಂಪತಿಗಳು ಬಲ್ಲವರಾಗಿದ್ದರು.

ಮಿತಿಯೆಂದರೆ ಬಡತನವೆಂದೂ ತಿಳಿಯಬಾರದು. ಲಕ್ಕಮ್ಮನವರು ನಿತ್ಯದ ಅಳತೆಯನ್ನು ಮರಳಿ ಸುರಿಸಲಿಲ್ಲ. ಮೀರಿದುದನ್ನು ಮಾತ್ರ ಸುರಿಸಿದರು. ಆದುದರಿಂದ ಕತ್ತಲೆಯ ಮನೆಗೆ ದೀಪ, ಓದುವ ಮಗುವಿಗೆ ಬೆಳಕು, ಒಣಗುವ ಬೆಳೆಗೆ ನೀರು, ಇವು ಆಸೆಯಲ್ಲ, ಅಗತ್ಯ. ಇವುಗಳನ್ನು ತಡೆಯುವ ಪರಿಸರವಾದವು ದಯೆಯಿಲ್ಲದ ವಾದ. ಕಥೆಯ ಮುಂದಿನ ಭಾಗವನ್ನೂ ನೆನೆಯಬೇಕು. ಹೆಚ್ಚಿನದನ್ನು ಒಲ್ಲದ ಆ ಬಡ ಗುಡಿಸಲಿನಲ್ಲಿಯೇ ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರಿಗೆ ದಾಸೋಹ ನಡೆಯಿತೆಂದು ಪರಂಪರೆಯು ಹೇಳುತ್ತದೆ. ಇದನ್ನು ಪವಾಡವೆಂದು ಕೈಮುಗಿದು ಬಿಡುವವರು ಬಿಡಲಿ. ಇದರೊಳಗೆ ಒಂದು ಲೆಕ್ಕವೂ ಉಂಟು. ಒಬ್ಬನಲ್ಲಿ ಮಿಗದೆ ಇದ್ದರೆ ಎಲ್ಲರಿಗೂ ಸಾಲುವುದು.

ಈ ತತ್ತ್ವವು ಮನೆಯ ಹೊಸ್ತಿಲನ್ನು ದಾಟಿ ಒಳಗೆ ಬರಬೇಕು. ಪ್ರಸಾದದ ಒಂದಗುಳನ್ನೂ ಎಡೆಯಲ್ಲಿ ಬಿಡಬಾರದೆಂಬುದು ವೀರಶೈವರ ಮನೆಯ ಮಕ್ಕಳಿಗೂ ಗೊತ್ತು. ಮಣ್ಣು, ನೀರು, ಬೆಂಕಿ, ಗಾಳಿ, ಆಕಾಶಗಳೆಲ್ಲ ಶಿವನು ಕೊಟ್ಟವೇ ಆದರೆ, ಅವುಗಳಿಂದ ಹುಟ್ಟಿದ ವಿದ್ಯುತ್ತೂ ಪ್ರಸಾದವೇ. ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಪಂಖವು ಎಡೆಯಲ್ಲಿ ಬಿಟ್ಟ ಅನ್ನ. ತೊಟ್ಟಿ ತುಂಬಿ ಹರಿದರೂ ನಿಲ್ಲಿಸದ ಪಂಪು ಬೀದಿಗೆ ಚೆಲ್ಲಿದ ಪಾದೋದಕ. ಮದುವೆಯ ಮನೆಯಲ್ಲಿ ಮೂರು ದಿನ ಹಗಲಿರುಳೂ ಉರಿಯುವ ದೀಪಮಾಲೆ, ಜಾತ್ರೆಯ ಮರುದಿನ ಬಯಲೆಲ್ಲ ಹರಡಿದ ಪ್ಲಾಸ್ಟಿಕ್ಕಿನ ಲೋಟಗಳು, ದಾಸೋಹದ ಕೊನೆಗೆ ಬುಟ್ಟಿ ಬುಟ್ಟಿಯಾಗಿ ಹೊರಗೆ ಹೋಗುವ ಅನ್ನ, ಇವೆಲ್ಲ ಮರಳಿ ಸುರಿಯದ ಅಕ್ಕಿಯೇ. ಇದನ್ನು ಮೊದಲು ತಿದ್ದಿಕೊಳ್ಳಬೇಕಾದವು ಮಠಗಳೇ. ತಾನು ನಡೆಯದೆ ನುಡಿಯುವ ಪೀಠದ ಮಾತು ಭಕ್ತನ ಎದೆಗೆ ತಾಗದು.

ಒಂದು ಮನೆಯ ಪಂಖ ನಿಂತರೆ ಜಗತ್ತಿನ ತಾಪವು ಇಳಿಯುವುದೇ ಎಂದು ಹಾಸ್ಯ ಮಾಡುವವರಿದ್ದಾರೆ. ಅದರಿಂದ ಮಾತ್ರವೇ ಇಳಿಯದು, ನಿಜ. ಶಕ್ತಿನಗರದ ಕುಲುಮೆಯನ್ನು ಬದಲಿಸುವುದು ಸರಕಾರಗಳ ಕೆಲಸ. 2070ರ ಹೊತ್ತಿಗೆ ಇಂಗಾಲದ ಹೊರೆಯನ್ನು ಸರಿದೂಗಿಸುವುದಾಗಿ 2021ರಲ್ಲಿ ಗ್ಲಾಸ್ಗೋ ನಗರದಲ್ಲಿ ಭಾರತವು ಕೊಟ್ಟ ಮಾತನ್ನು ನೆನಪಿಸುತ್ತಿರುವುದು ಪ್ರಜೆಗಳ ಕೆಲಸ. ಆದರೆ ತನ್ನ ಮನೆಯಲ್ಲಿ ಅಳತೆಯನ್ನು ಅರಿಯದ ಪ್ರಜೆಯು ಆಳುವವರಿಂದ ಯಾವ ಅಳತೆಯನ್ನು ಕೇಳಬಲ್ಲನು? ನಡೆಯಿಲ್ಲದ ನುಡಿಗೆ ಅಧಿಕಾರವು ಹೆದರುವುದಿಲ್ಲ. ಲಕ್ಕಮ್ಮನವರ ಮಾತಿಗೆ ಕಲ್ಯಾಣವೇ ತಲೆಬಾಗಿದ್ದು ಅವರ ಗುಡಿಸಲಿನಲ್ಲಿ ಒಂದು ಕಾಳೂ ಹೆಚ್ಚಿಗೆ ಇರಲಿಲ್ಲವೆಂಬ ಕಾರಣದಿಂದ.

ಅಕ್ಕಿಯನ್ನು ಮರಳಿ ಸುರಿದು ಬಂದ ಆ ದಿನವೂ ಮಾರಯ್ಯನವರ ಮನೆಯಲ್ಲಿ ಒಲೆ ಉರಿಯಿತು, ಜಂಗಮನು ಉಂಡನು, ಸತಿಪತಿಗಳೂ ಉಂಡರು. ಅಂಗಳದಲ್ಲಿ ಉಳಿದ ಕಾಳುಗಳು ಮರುದಿನದ ಕಾಯಕಕ್ಕೆ ಕಾದಿದ್ದವು. ಮುಂದಿನ ತಲೆಮಾರಿನವರೂ ಆಯ್ದುಕೊಳ್ಳುವಂತೆ ಈ ಭೂಮಿಯ ಅಂಗಳದಲ್ಲಿ ಅಷ್ಟು ಕಾಳುಗಳನ್ನು ಉಳಿಸಿ ಹೋಗುವ ಸದ್ಬುದ್ಧಿಯು ಶಿವಭಕ್ತರೆಲ್ಲರಿಗೂ ಉಂಟಾಗಲಿ.