ಹೊತ್ತೊಯ್ಯುವ ಕೈಗಳು ಎಲ್ಲಿಗೆ?



ಪ್ರೇಷಿತರ ಕಾರ್ಯಕಲಾಪಗಳ 3ನೆಯ ಅಧ್ಯಾಯದಲ್ಲಿ ಒಬ್ಬ ಹುಟ್ಟುಕುಂಟನಿದ್ದಾನೆ. ವಯಸ್ಸು 40 ದಾಟಿದೆ. ಜನರು ದಿನವೂ ಅವನನ್ನು ಹೊತ್ತು ತಂದು, ದೇವಾಲಯದ ಸುಂದರ ದ್ವಾರದ ಬಳಿ ಭಿಕ್ಷೆಗೆ ಕೂರಿಸುತ್ತಿದ್ದರು. ಹೊರುವ ಕೈಗಳಿಗೆ ಕೊರತೆಯಿರಲಿಲ್ಲ. ಎತ್ತಿ ನಿಲ್ಲಿಸುವ ಕೈ ಬೇಕಿತ್ತು. ಸಂತ ಪೇತ್ರರು ಯೇಸುಸ್ವಾಮಿಯ ನಾಮದಲ್ಲಿ ಅವನ ಬಲಗೈ ಹಿಡಿದು ಎತ್ತಿದರು. ಅವನ ಪಾದಗಳೂ ಕಾಲ್ಗಿಣ್ಣುಗಳೂ ಬಲಗೊಂಡವು.

ಇಂದಿಗೂ ಸುಮಾರು 1000 ಶಿಶುಗಳಲ್ಲಿ ಒಂದು ಸೊಟ್ಟಪಾದದೊಂದಿಗೆ ಹುಟ್ಟುತ್ತದೆ. ಡಾ. ಇಗ್ನಾಸಿಯೋ ಪೊನ್ಸೆಟಿ (1914–2009) ಎಂಬ ವೈದ್ಯರು ಇದಕ್ಕೆ ಸರಳ ದಾರಿ ತೋರಿಸಿದರು. ಹುಟ್ಟಿದ ಒಂದೆರಡು ವಾರಗಳಲ್ಲೇ ಪಾದವನ್ನು ಮೆಲ್ಲನೆ ತಿದ್ದಿ ಪ್ಲಾಸ್ಟರ್ ಹಾಕುತ್ತಾರೆ, ವಾರಕ್ಕೊಮ್ಮೆ ಬದಲಿಸುತ್ತಾರೆ. ಐದಾರು ಪ್ಲಾಸ್ಟರ್‌ಗಳಲ್ಲಿ, ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ನರದಂಥ ಬಿಗಿಪಟ್ಟಿಯನ್ನು ಸ್ವಲ್ಪ ಕೊಯ್ದು ಸಡಿಲಿಸಿದ ಮೇಲೆ, ಪಾದ ನೆಟ್ಟಗಾಗುತ್ತದೆ.

ಹಾಗಿದ್ದೂ ನಾವೇಕೆ ತಡಮಾಡುತ್ತೇವೆ? ಮಗುವಿಗೆ ನೋವಿಲ್ಲ, ಅಳುವುದಿಲ್ಲ. ಎಣ್ಣೆ ತಿಕ್ಕಿದರೆ ಸರಿಹೋದೀತು ಎನ್ನುತ್ತಾರೆ ಹಿರಿಯರು. ಬಸುರಿಯಾಗಿದ್ದಾಗ ಗ್ರಹಣ ನೋಡಿದಳೆಂದು ಸೊಸೆಯನ್ನು ದೂರುವ ಮನೆಗಳೂ ಇವೆ. ಹುಟ್ಟುಕುರುಡನನ್ನು ಕಂಡು ಯಾರ ಪಾಪವೆಂದು ಶಿಷ್ಯರು ಕೇಳಿದಾಗ, ಅವನದೂ ಅಲ್ಲ, ಹೆತ್ತವರದೂ ಅಲ್ಲವೆಂದು ಸ್ವಾಮಿ ತಿಳಿಸಲಿಲ್ಲವೇ? ಕೆಲವರು ವೆಲಾಂಕಣಿ ಮಾತೆಗೆ ಹರಕೆ ಹೊತ್ತು ಕಾಯುತ್ತಾರೆ. ಹರಕೆ ಹೊರಿ, ಆದರೆ ಕಾಯಬೇಡಿ. ವೈದ್ಯನನ್ನೂ ಔಷಧವನ್ನೂ ಸೃಷ್ಟಿಸಿದವರು ದೇವರೇ ಎಂದು ಸಿರಾಖನ ಗ್ರಂಥ ಕಲಿಸುತ್ತದೆ.

ಕಾದಷ್ಟೂ ಎಳೆಯ ಮೂಳೆ ಗಟ್ಟಿಯಾಗುತ್ತದೆ. ಮಗು ಪಾದದ ಹೊರ ಅಂಚನ್ನು ಊರಿ ನಡೆಯಲು ಕಲಿಯುತ್ತದೆ. ಅಲ್ಲಿ ಚರ್ಮ ದಡ್ಡುಗಟ್ಟುತ್ತದೆ, ಹುಣ್ಣಾಗುತ್ತದೆ. ಆದರೂ, ದೊಡ್ಡ ಮಗುವಿಗೂ ದಾರಿ ಮುಚ್ಚಿಲ್ಲ. ಹೆಚ್ಚು ಪ್ಲಾಸ್ಟರ್, ಕೆಲವೊಮ್ಮೆ ಶಸ್ತ್ರಚಿಕಿತ್ಸೆ ಬೇಕಾದೀತು, ಅಷ್ಟೇ.

ಪಾದ ನೆಟ್ಟಗಾಯಿತೆಂದು ಪಟ್ಟಿ ಜೋಡಿಸಿದ ಬೂಟನ್ನು ಮೂಲೆಗೆಸೆಯಬೇಡಿ. ಮೊದಲ 3 ತಿಂಗಳು ಹಗಲಿರುಳೂ, ಆಮೇಲೆ 4–5 ವರ್ಷವಾಗುವವರೆಗೆ ನಿದ್ದೆಯ ಹೊತ್ತಿನಲ್ಲಿ ಅದು ಬೇಕು. ಬಿಟ್ಟರೆ ಪಾದ ಮತ್ತೆ ತಿರುಚಿಕೊಳ್ಳುತ್ತದೆ.

ಸರಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ (2013) ಸೊಟ್ಟಪಾದವೂ ಸೇರಿದೆ; ಆಶಾ ಕಾರ್ಯಕರ್ತೆಯನ್ನು ಕೇಳಿ. ಆದರೆ ವಾರವಾರವೂ ಆಸ್ಪತ್ರೆಗೆ ಹೋಗುವ ಕೂಲಿಯ ತಾಯಿಗೆ ಆ ದಿನದ ಸಂಬಳವಿಲ್ಲ. ನಿಮ್ಮ ಧರ್ಮಕೇಂದ್ರದಲ್ಲಿ ಅಂಥ ತಾಯಿ ಇದ್ದರೆ ಬಸ್ಸಿನ ಖರ್ಚು ಕೊಡಿ, ಜೊತೆಗೆ ಹೋಗಿ, ಮನೆಯಲ್ಲುಳಿದ ಮಕ್ಕಳಿಗೆ ಊಟ ಹಾಕಿ.

ಕೂಸು ಇಂದು ಹಗುರವಾಗಿದೆ. ಭಿಕ್ಷೆಯ ದ್ವಾರಕ್ಕೆ 40 ವರ್ಷ ಹೊರುವುದಕ್ಕಿಂತ, ವೈದ್ಯರ ಬಾಗಿಲಿಗೆ ಈ ವಾರವೇ ಹೊತ್ತೊಯ್ಯೋಣ. ಎತ್ತಿ ನಿಲ್ಲಿಸುವ ಪ್ರಭು ನಮ್ಮ ಕೈಗಳನ್ನು ಆಶೀರ್ವದಿಸಲಿ.