ಸೂರ್ಯನಗರದಲ್ಲಿ ಗುಟ್ಟಿಗೆ ಜಾಗವಿಲ್ಲ

ಪುರೋಹಿತರು ಆಳುವ ಊರೊಂದನ್ನು ಕಲ್ಪಿಸಿಕೊಳ್ಳಿ ಎಂದರೆ ನಮಗೆ ಥಟ್ಟನೆ ಹೊಳೆಯುವುದು ಬಲಿಪೀಠ, ಧೂಪದ ಹೊಗೆ, ಕತ್ತಲ ಗರ್ಭಗುಡಿ, ಕೆಂಗಣ್ಣಿನ ಮುಖ್ಯ ಅರ್ಚಕ. ಫ್ಯಾಂಟಸಿ ಕಾದಂಬರಿಗಳೂ ಸಿನಿಮಾಗಳೂ ಈ ಚಿತ್ರವನ್ನು ಉಜ್ಜಿ ಉಜ್ಜಿ ಸವೆಸಿಬಿಟ್ಟಿವೆ. ಅಂಥ ಊರು ಬೇಡ ಎನ್ನಲು ವಾದವೇನೂ ಬೇಕಿಲ್ಲ. ವಾದ ಬೇಕಾಗುವುದು ಒಳ್ಳೆಯ ಪುರೋಹಿತರ ಊರಿಗೆ. ಹಸಿದವರಿಲ್ಲ, ಗುಲಾಮರಿಲ್ಲ, ಆಳುವವರು ನಿಜಕ್ಕೂ ಪಂಡಿತರು, ಮೇಲಾಗಿ ಕರುಣಾಳುಗಳು. ಅಲ್ಲಿ ಬಾಳಲು ನಾವು ಯಾಕೆ ಒಪ್ಪಬಾರದು?

ಇಂಥದೊಂದು ಊರನ್ನು ತೊಮಾಸೊ ಕಾಂಪನೆಲ್ಲಾ ಎಂಬ ಡೊಮಿನಿಕನ್ ಸಂನ್ಯಾಸಿ 1602ರಲ್ಲಿ ನೇಪಲ್ಸ್‌ನ ಸೆರೆಮನೆಯಲ್ಲಿ ಕೂತು ಕಟ್ಟಿದ. ಇಟಾಲಿಯನ್‌ನಲ್ಲಿ ಬರೆದ ಪುಟ್ಟ ಸಂವಾದ ಅದು, ಹೆಸರು 'ಸೂರ್ಯನಗರ'. ಅದರ ಲ್ಯಾಟಿನ್ ರೂಪ 1623ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಅಚ್ಚಾಯಿತು. ಒಂದು ಕಾಲದಲ್ಲಿ ಕೊಲಂಬಸ್‌ನ ಹಡಗಿನ ಚುಕ್ಕಾಣಿ ಹಿಡಿದಿದ್ದ ಜಿನೋವಾದ ನಾವಿಕನೊಬ್ಬ ತಾಪ್ರೊಬೇನ್ ದ್ವೀಪದಲ್ಲಿ ಕಂಡ ನಗರವನ್ನು ಇನ್ನೊಬ್ಬನಿಗೆ ಬಣ್ಣಿಸುತ್ತಾನೆ. ಬೆಟ್ಟದ ಸುತ್ತ ಏಳು ಸುತ್ತಿನ ಕೋಟೆ, ಒಂದೊಂದಕ್ಕೂ ಒಂದೊಂದು ಗ್ರಹದ ಹೆಸರು. ನೆತ್ತಿಯಲ್ಲಿ ಗೋಡೆಗಳಿಲ್ಲದೆ ಕಂಬಗಳ ಮೇಲೆ ನಿಂತ ದುಂಡನೆಯ ದೇವಾಲಯ, ಅದರೊಳಗೆ ಆರದೆ ಉರಿಯುವ ಏಳು ದೀಪ. ಆಳುವವನು 'ಹೋ' ಎಂಬ ಮಹಾಪುರೋಹಿತ. ಅವನ ಕೆಳಗೆ ಬಲ, ಜ್ಞಾನ, ಪ್ರೀತಿ ಎಂಬ ಮೂರು ಖಾತೆಗಳ ಮೂವರು. ಪ್ರೀತಿ ಖಾತೆಯವನ ಕೆಲಸ ಪ್ರೀತಿಯಲ್ಲ, ಸಂತಾನ: ಯಾರು ಯಾರೊಂದಿಗೆ, ಯಾವ ಗಳಿಗೆಯಲ್ಲಿ ಕೂಡಬೇಕೆಂದು ಜ್ಯೋತಿಷಿಯೂ ವೈದ್ಯನೂ ಸೇರಿ ಗೊತ್ತುಮಾಡುತ್ತಾರೆ.

ನಗಬೇಡಿ, ಈ ಊರಿನಲ್ಲಿ ಮೆಚ್ಚುವಂಥದ್ದು ಬೇಕಾದಷ್ಟಿದೆ. ಏಳೂ ಕೋಟೆಗೋಡೆಗಳ ಮೇಲೆ ಜಗತ್ತಿನ ತಿಳಿವಳಿಕೆಯೆಲ್ಲ ಚಿತ್ರವಾಗಿ ಮೂಡಿದೆ. ರೇಖಾಗಣಿತ, ಭೂಪಟ, ನಾನಾ ಭಾಷೆಗಳ ಲಿಪಿ, ಲೋಹ, ಗಿಡಮೂಲಿಕೆ, ಮೀನು, ಹಕ್ಕಿ, ಯಂತ್ರ ಎಲ್ಲವೂ. ಮಕ್ಕಳು ಮೂರನೆಯ ವಯಸ್ಸಿನಿಂದಲೇ ಆ ಗೋಡೆಗಳ ಪಕ್ಕ ಓಡಾಡುತ್ತ, ಆಡುತ್ತ, ಹತ್ತು ತುಂಬುವ ಮೊದಲೇ ಶಾಸ್ತ್ರಗಳನ್ನೆಲ್ಲ ಕಲಿಯುತ್ತಾರೆ. ಛಡಿ ಇಲ್ಲ, ಉರು ಹೊಡೆಯುವುದಿಲ್ಲ. ಎಲ್ಲರೂ ದುಡಿಯುವುದರಿಂದ ದಿನಕ್ಕೆ ನಾಲ್ಕೇ ಗಂಟೆ ಕೆಲಸ. ನೇಪಲ್ಸ್‌ನಲ್ಲಿ ಕೆಲವೇ ಮಂದಿ ದುಡಿದು ದುಡಿದು ಸಾಯುತ್ತಾರೆ, ಉಳಿದವರು ಸೋಮಾರಿತನದಲ್ಲೇ ಕೊಳೆಯುತ್ತಾರೆ ಎಂದು ಕಾಂಪನೆಲ್ಲಾ ಬರೆಯುವಾಗ ಅವನ ಸಿಟ್ಟು ಕಲ್ಪನೆಯದಲ್ಲ. ಯಾವ ಕಸುಬೂ ಅಲ್ಲಿ ಕೀಳಲ್ಲ. ಹದಿನೇಳನೆಯ ಶತಮಾನದ ಮೊದಲ ವರ್ಷಗಳಲ್ಲಿ ಇದನ್ನು ಬರೆದವನಿಗೆ ಎದ್ದು ನಿಂತು ನಮಸ್ಕರಿಸಬೇಕು.

ಬಲಿಯೂ ಉಂಟು, ಆದರೆ ರಕ್ತವಿಲ್ಲ. ಊರಿಗಾಗಿ ತನ್ನನ್ನು ಅರ್ಪಿಸಿಕೊಳ್ಳುವವರು ಯಾರೆಂದು ಹೋ ಕೇಳುತ್ತಾನೆ. ಮುಂದೆ ಬಂದವನನ್ನು ಹಲಗೆಯ ಮೇಲಿಟ್ಟು ನಾಲ್ಕು ಹಗ್ಗಗಳಲ್ಲಿ ದೇವಾಲಯದ ಗುಮ್ಮಟಕ್ಕೆ ಎಳೆದುಕೊಳ್ಳುತ್ತಾರೆ. ಇಪ್ಪತ್ತು ಮೂವತ್ತು ದಿನ ಅರೆಹೊಟ್ಟೆಯಲ್ಲಿ ಪ್ರಾರ್ಥಿಸಿ, ದೇವರ ಕೋಪ ಇಳಿಯಿತೆಂದ ಮೇಲೆ ಅವನು ಅಲ್ಲೇ ಪುರೋಹಿತನಾಗುತ್ತಾನೆ, ಇಲ್ಲವೇ ಅಪರೂಪಕ್ಕೆ ಕೆಳಗಿಳಿದು ಬರುತ್ತಾನೆ. ಮಾಂಸದ ವಿಚಾರವಂತೂ ಇನ್ನೂ ಸ್ವಾರಸ್ಯ. ಪ್ರಾಣಿಯನ್ನು ಕೊಲ್ಲುವುದು ಕ್ರೌರ್ಯವೆಂದು ಅವರು ಮೊದಲು ಮಾಂಸ ಬಿಟ್ಟಿದ್ದರಂತೆ. ಆಮೇಲೆ ಗಿಡಗಳಿಗೂ ಸಂವೇದನೆ ಇದೆಯಲ್ಲ, ಹೀಗೆ ಹೊರಟರೆ ಉಪವಾಸ ಸಾಯಬೇಕಾದೀತು ಎಂದು ಯೋಚಿಸಿ ಮತ್ತೆ ತಿನ್ನತೊಡಗಿದರಂತೆ. ನಮ್ಮ ಜೈನ ಗೆಳೆಯರು ಇದೇ ತರ್ಕವನ್ನು ಹಿಡಿದು ನೇರ ಎದುರು ದಿಕ್ಕಿಗೆ ನಡೆದವರು.

ಹಾಗಾದರೆ ತೊಡಕು ಎಲ್ಲಿ? ಕೇಳುಗ ನಾವಿಕನನ್ನು ಒಂದು ಕಡೆ ತಡೆಯುತ್ತಾನೆ: ಅಷ್ಟು ಓದಿದವನಿಗೆ ಆಳಲು ಬರುತ್ತದೆಯೇ? ನಾವಿಕನ ಉತ್ತರ ಜಾಣತನದ್ದು. ನೀವು ಅರಸುಮನೆಯಲ್ಲಿ ಹುಟ್ಟಿದನೆಂದೋ ಬಲಿಷ್ಠ ಪಂಗಡ ಆರಿಸಿತೆಂದೋ ಏನೂ ತಿಳಿಯದವನನ್ನು ಕೂರಿಸುತ್ತೀರಿ. ನಮ್ಮ ಹೋಗೆ ಆಡಳಿತದ ಅನುಭವ ಕಡಿಮೆ ಇದ್ದರೂ ಇರಬಹುದು, ಆದರೆ ಅಷ್ಟು ತಿಳಿದವನು ಎಂದೂ ಕ್ರೂರಿಯಾಗಲಾರ. ಅವನಿಗಿಂತ ಹೆಚ್ಚು ತಿಳಿದವನು ಸಿಕ್ಕಿದರೆ ತಾನೇ ಪೀಠ ಬಿಟ್ಟುಕೊಡುತ್ತಾನೆ. ಜನ ಅವನನ್ನು ಇಳಿಸುವಂತಿಲ್ಲ, ಇಳಿಸುವ ಅಗತ್ಯವೂ ಇಲ್ಲ ಎಂಬುದು ಪುಸ್ತಕದ ನಂಬಿಕೆ.

'ಓದಿದವರು, ಸಜ್ಜನರು ರಾಜಕೀಯಕ್ಕೆ ಬರಬೇಕು' ಎಂದು ನಮ್ಮ ಬಸ್‌ಸ್ಟ್ಯಾಂಡುಗಳಲ್ಲಿ, ಮದುವೆಮನೆಗಳಲ್ಲಿ ಕೇಳುವ ಮಾತು ಇದೇ. ಕೇಳಲು ಹಿತ. ಆದರೆ ತಿಳಿದವನು ಕ್ರೂರಿಯಾಗಲಾರ ಎಂಬುದಕ್ಕೆ ಕಾಂಪನೆಲ್ಲಾನ ಪುಸ್ತಕವೇ ಎದುರು ಸಾಕ್ಷಿ. ಸೂರ್ಯನಗರದಲ್ಲಿ ಹೆಣ್ಣೊಬ್ಬಳು ಅಂದಕ್ಕೆಂದು ಮುಖಕ್ಕೆ ಬಣ್ಣ ಹಚ್ಚಿದರೆ, ಎತ್ತರ ಕಾಣಲೆಂದು ಎತ್ತರದ ಪಾದರಕ್ಷೆ ಮೆಟ್ಟಿದರೆ, ಅದನ್ನು ಮುಚ್ಚಲು ನೆಲ ಗುಡಿಸುವ ಲಂಗ ತೊಟ್ಟರೆ ಮರಣದಂಡನೆ. ಇದನ್ನು ಬರೆದದ್ದು ದ್ವೇಷದ ಕೈಯಲ್ಲ, ತರ್ಕದ ಕೈ. ಅಂದವೆಂದರೆ ಆರೋಗ್ಯ, ಆರೋಗ್ಯ ವ್ಯಾಯಾಮದಿಂದ ಬರಬೇಕು, ಒಳ್ಳೆಯ ಸಂತಾನಕ್ಕೆ ಒಳ್ಳೆಯ ಮೈ ಬೇಕು, ಬಣ್ಣ ಮೈಯ ವಿಷಯದಲ್ಲಿ ಸುಳ್ಳು ಹೇಳುತ್ತದೆ. ಒಂದೊಂದು ಮೆಟ್ಟಿಲೂ ಸರಿಯಾಗಿಯೇ ಇದೆ, ಕೊನೆಯ ಮೆಟ್ಟಿಲ ಮೇಲೆ ಒಬ್ಬಳ ಹೆಣ. ಹೀಗೆ ಕೊಲ್ಲಲು ಕೆಟ್ಟ ಮನಸ್ಸೇ ಬೇಕೆಂದಿಲ್ಲ. 'ಸಾಕು' ಎನ್ನುವ ಇನ್ನೊಂದು ಬಾಯಿ ಇಲ್ಲದಿದ್ದರೆ ಆಯಿತು.

ಆ ಇನ್ನೊಂದು ಬಾಯಿ ಅಲ್ಲಿ ಯಾಕಿಲ್ಲ ಎಂಬುದಕ್ಕೆ ಊರಿನ ಎರಡು ಪದ್ಧತಿಗಳನ್ನು ನೋಡಬೇಕು. ಮೊದಲನೆಯದು ಪಾಪನಿವೇದನೆ. ಪ್ರಜೆಗಳು ತಮ್ಮ ತಪ್ಪುಗಳನ್ನು ಅಧಿಕಾರಿಗಳಿಗೆ ಒಪ್ಪಿಸುತ್ತಾರೆ, ಅಧಿಕಾರಿಗಳು ತಮ್ಮ ತಪ್ಪಿನ ಜೊತೆಗೆ ಪ್ರಜೆಗಳದ್ದನ್ನೂ ಆ ಮೂವರಿಗೆ, ಮೂವರು ಹೋಗೆ. ಹೆಸರುಗಳನ್ನು ಮೇಲಕ್ಕೆ ಸಾಗಿಸುವುದಿಲ್ಲ, ಆ ಮರ್ಯಾದೆ ಉಂಟು. ಹೀಗೆ ಊರಿನಲ್ಲಿ ಯಾವ ದೋಷ ಹಬ್ಬುತ್ತಿದೆಯೆಂದು ಹೋಗೆ ಗೊತ್ತಾಗುತ್ತದೆ. ಅದಕ್ಕೆ ತಕ್ಕ ಕಾನೂನು ಮಾಡುತ್ತಾನೆ, ಎಲ್ಲರ ಪರವಾಗಿ ದೇವರ ಮುಂದೆ ಒಪ್ಪಿಕೊಳ್ಳುತ್ತಾನೆ. ಗೂಢಚಾರರು ಬೇಕೇ ಆಗಿಲ್ಲ. ಮನಸ್ಸುಗಳು ತಾವಾಗಿ ವರದಿ ಒಪ್ಪಿಸುತ್ತವೆ, ಒಪ್ಪಿಸಿ ಹಗುರಾಗುತ್ತವೆ.

ಎರಡನೆಯದು ದಂಡನೆ. ಅಲ್ಲಿ ಕೊಲೆಗಡುಕ ನೌಕರರಿಲ್ಲ; ಕಲ್ಲೆಸೆದು ಕೊಲ್ಲುವವರು ಜನ, ಮೊದಲ ಕಲ್ಲು ದೂರು ಕೊಟ್ಟವನದು, ಸಾಕ್ಷಿಗಳದು. ಆದರೆ ಅದಕ್ಕೂ ಮುನ್ನ ಕೆಲವರು ಅಪರಾಧಿಯ ಬಳಿ ಕೂತು ವಾದಿಸುತ್ತಾರೆ, ತನಗೆ ಸಾವೇ ತಕ್ಕದ್ದೆಂದು ಅವನೇ ಒಪ್ಪುವವರೆಗೆ. ಒಪ್ಪದಿದ್ದರೆ ಸಾವಿಲ್ಲ. ತಾನು ಯಾಕೆ ಸಾಯಬಾರದೆಂದು ಅವನು ಜನರೆದುರು ಹೇಳಬೇಕು, ಅಧಿಕಾರಿಗಳ ತಪ್ಪನ್ನೂ ಹೇಳಬೇಕು. ವಾದದಲ್ಲಿ ಗೆದ್ದರೆ? ಗಡೀಪಾರು! ಗೆದ್ದವನಿಗೂ ಆ ಊರಿನಲ್ಲಿ ಉಳಿಗಾಲವಿಲ್ಲ ಎಂಬುದನ್ನು ಕಾಂಪನೆಲ್ಲಾ ಯಾವ ಮುಜುಗರವೂ ಇಲ್ಲದೆ ಬರೆಯುತ್ತಾನೆ.

ಸಾಧಾರಣ ನಿರಂಕುಶ ಅರಸನಿಗೆ ನಿಮ್ಮ ಬೆನ್ನು ಬಾಗಿದರೆ ಸಾಕು. ಕಂದಾಯ ಕಟ್ಟಿ, ಕೈಮುಗಿದು ಮನೆಗೆ ಬಂದು ಬಾಗಿಲು ಹಾಕಿಕೊಂಡು ಬೇಕಾದಷ್ಟು ಬೈಯಬಹುದು. ಪುರೋಹಿತನ ಆಳ್ವಿಕೆಗೆ ಅಷ್ಟು ಸಾಲದು. ನಿಮ್ಮ ಒಪ್ಪಿಗೆ ಬೇಕು, ಅದೂ ಒಳಗಿನಿಂದ. ಆತ್ಮದ ಹೊಣೆ ಹೊತ್ತವನು ಅದಕ್ಕಿಂತ ಕಡಿಮೆ ಕೇಳಿದರೆ ತನ್ನ ವೃತ್ತಿಗೇ ಮೋಸ ಮಾಡಿದಂತೆ. ಅವನು ಕೆಟ್ಟವನಲ್ಲ, ನಿಷ್ಠಾವಂತ. ಆ ನಿಷ್ಠೆಯ ಕೈಗೆ ದಂಡ ಕೊಟ್ಟ ದಿನವೇ ಮನಸ್ಸಿನ ಬಾಗಿಲಿಗೆ ಚಿಲಕ ಇಲ್ಲವಾಗುತ್ತದೆ. ನನ್ನ ತಕರಾರು ಇಷ್ಟೆ: ಪಾಪ ಕೇಳುವ ಕಿವಿಯೂ ಶಿಕ್ಷಿಸುವ ಕೈಯೂ ಒಂದೇ ಮೈಗೆ ಸೇರಿರಬಾರದು, ಆ ಮೈ ಎಷ್ಟೇ ಪವಿತ್ರವಾಗಿರಲಿ.

ಇದನ್ನು ಕಾಂಪನೆಲ್ಲಾನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? 1568ರಲ್ಲಿ ಕಲಾಬ್ರಿಯಾದ ಸ್ತಿಲೊ ಊರಲ್ಲಿ ಹುಟ್ಟಿದವನು. 1600ರ ಹೊತ್ತಿಗೆ ಜಗತ್ತೇ ಬದಲಾಗುತ್ತದೆಂದು ಗ್ರಹಗತಿಯಲ್ಲಿ ಓದಿದ. 1599ರಲ್ಲಿ ಸ್ಪೇನಿನ ಆಳ್ವಿಕೆಯ ವಿರುದ್ಧ ದಂಗೆಗೆ ಹೊಂಚಿದನೆಂದು ಸಿಕ್ಕಿಬಿದ್ದ. ಅವನ ಮೇಲೆ ರಾಜದ್ರೋಹದ ಆರೋಪವೂ ಇತ್ತು, ಧರ್ಮದ್ರೋಹದ್ದೂ ಇತ್ತು. ಜೀವ ಉಳಿಸಿಕೊಳ್ಳಲು ಹುಚ್ಚನಂತೆ ನಟಿಸಿದ. ಅಂದಿನ ನ್ಯಾಯದಲ್ಲಿ ಹುಚ್ಚನನ್ನು ಧರ್ಮದ್ರೋಹಿಯೆಂದು ಕೊಲ್ಲುವಂತಿರಲಿಲ್ಲ. ಪಶ್ಚಾತ್ತಾಪಪಡಲಾಗದವನನ್ನು ಕೊಂದರೆ ಅವನ ಆತ್ಮ ನರಕಕ್ಕೆ ಹೋದ ಪಾಪ ಕೊಂದವರಿಗೆ. 1601ರ ಜೂನ್‌ನಲ್ಲಿ ಹುಚ್ಚು ನಿಜವೋ ಸುಳ್ಳೋ ಎಂದು ಪರೀಕ್ಷಿಸಲು ಸುಮಾರು ಒಂದೂವರೆ ದಿನ ನಿದ್ದೆಗೆಡಿಸಿ, ತೂಗುಹಾಕಿ ಚಿತ್ರಹಿಂಸೆ ಕೊಟ್ಟರು. ಅವನು ಸೋಲಲಿಲ್ಲ. ಕೋಣೆಗೆ ಹೊತ್ತುಕೊಂಡು ಹೋಗುವಾಗ, ಬಾಯಿಬಿಡುವಷ್ಟು ಮೂರ್ಖ ಎಂದುಕೊಂಡರೇ ಎಂಬ ಅರ್ಥದಲ್ಲಿ ಗೊಣಗಿದ್ದು ವಿಚಾರಣೆಯ ಕಡತದಲ್ಲೇ ದಾಖಲಾಗಿದೆ.

ಅವನನ್ನು ಉಳಿಸಿದ್ದು ಪಾಂಡಿತ್ಯವಲ್ಲ, ದೈವಭಕ್ತಿಯೂ ಅಲ್ಲ. ತನ್ನೊಳಗೆ ಏನಿದೆಯೆಂದು ಯಾರಿಗೂ ತೋರಿಸದ ಹಟ. ಮುಂದಿನ ವರ್ಷವೇ ಅದೇ ಕೈ ಮುಚ್ಚಿದ ಮನಸ್ಸುಗಳೇ ಇಲ್ಲದ ಊರನ್ನು ಬರೆಯಿತು. ಇದನ್ನು ಬರೀ ಆಷಾಢಭೂತಿತನವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅವನಿಗೆ ಕಂಡದ್ದು ಪುರೋಹಿತಶಾಹಿಯ ಕೇಡಲ್ಲ, ತಪ್ಪು ಪುರೋಹಿತರ ಕೇಡು. ಸರಿಯಾದವರು ಬಂದರೆ ಮುಚ್ಚಿಡುವುದಕ್ಕೆ ಏನಿರುತ್ತದೆ ಎಂದು ಯೋಚಿಸಿದ. ನೊಂದವರು ಎಲ್ಲ ಕಾಲದಲ್ಲೂ ಯೋಚಿಸುವುದು ಹೀಗೆಯೇ. ಕುರ್ಚಿಯನ್ನು ಹಾಗೇ ಬಿಟ್ಟು ಕೂತವನನ್ನು ಮಾತ್ರ ಬದಲಿಸಲು ಹೊರಡುತ್ತಾರೆ.

ಇನ್ನು ನಮ್ಮ ಸಂಬಂಧ. ಸೂರ್ಯನಗರದ ಜನ ಲೂಟಿಕೋರರ ಕತ್ತಿಗೆ ಹೆದರಿ ಭಾರತದಿಂದ ಓಡಿಹೋದವರು ಎಂದು ಪುಸ್ತಕ ಹೇಳುತ್ತದೆ. ಅಲೆಕ್ಸಾಂಡರನ ಕಾಲದಿಂದಲೂ ಯುರೋಪಿಗೆ ಭಾರತವೆಂದರೆ ಬೆತ್ತಲೆ ಜ್ಞಾನಿಗಳ ನಾಡು. ಆ ಕನಸಿನ ಒಂದು ಎಳೆ ಇದು. ವಾಸ್ತವದಲ್ಲಿ ನಮ್ಮ ರಾಜನೀತಿ ಗ್ರಂಥಗಳು ದಂಡವನ್ನು ಕೊಟ್ಟದ್ದು ಅರಸನ ಕೈಗೆ, ಪುರೋಹಿತನನ್ನು ನಿಲ್ಲಿಸಿದ್ದು ಪಕ್ಕದಲ್ಲಿ. ಇದನ್ನು ಹೇಳಿ ಬೀಗುವ ಮೊದಲು ಇನ್ನೊಂದನ್ನೂ ಹೇಳಬೇಕು. ಇಲ್ಲಿ ಶಾಸ್ತ್ರಕ್ಕೆ ಸಿಂಹಾಸನವೇ ಬೇಕಾಗಲಿಲ್ಲ. ಯಾರು ಯಾವ ಬಾವಿಯ ನೀರು ಸೇದಬೇಕು, ಯಾರ ಜೊತೆ ಉಣ್ಣಬೇಕು, ಯಾರು ಯಾರನ್ನು ಮದುವೆಯಾಗಬೇಕೆಂಬುದು ಅರಸನ ಸಹಿಯಿಲ್ಲದೆಯೇ ನಡೆಯಿತು. ಒಪ್ಪಿಗೆ ಒಳಗೇ ಕೂತಿತ್ತಲ್ಲ.

ಒಳ್ಳೆಯ ಉದಾಹರಣೆಯನ್ನೇ ಕೊಡಿ ಎನ್ನುವವರಿಗೆ ಪರಾಗ್ವೆ ಇದೆ. 1609ರಿಂದ ಜೆಸ್ಯೂಟ್ ಪಾದ್ರಿಗಳು ಗ್ವರಾನಿ ಜನರಿಗಾಗಿ ಕಟ್ಟಿದ ಊರುಗಳು ಕೊನೆಗೆ ಮೂವತ್ತಾದವು. 1730ರ ದಶಕದ ಆರಂಭದಲ್ಲಿ ಅಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಜನರಿದ್ದರು. ಗುಲಾಮರ ಬೇಟೆಗಾರರಿಂದ ಆ ಜನರನ್ನು ಕಾಪಾಡಿದ್ದು ನಿಜ, ಸಂಗೀತವನ್ನೂ ಮುದ್ರಣವನ್ನೂ ಕಲಿಸಿದ್ದು ನಿಜ. ಆದರೆ 1750ರಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ ನಕಾಶೆಯ ಮೇಲೆ ಗೆರೆ ಎಳೆದು ಏಳು ಊರುಗಳನ್ನು ಖಾಲಿ ಮಾಡಿ ಎಂದಾಗ, ಹೊರಡಿ ಎಂದು ಜನರನ್ನು ಒಪ್ಪಿಸುವ ಕೆಲಸ ಅದೇ ಪಾದ್ರಿಗಳ ಪಾಲಿಗೆ ಬಂತು. ಜನ ಒಪ್ಪಲಿಲ್ಲ, ಕಾದಾಡಿ ಸೋತರು. 1767ರಲ್ಲಿ ಸ್ಪೇನಿನ ದೊರೆ ಪಾದ್ರಿಗಳನ್ನೇ ಹೊರಗಟ್ಟಿದ. ಊರುಗಳು ಕ್ರಮೇಣ ಬಡವಾದವು. ಅಲ್ಲಿನ ಕರುಣೆ ನಿಜವಾದದ್ದೇ, ಆದರೆ ಅದರ ಬೀಗದ ಕೈ ಆ ಜನರ ಹತ್ತಿರ ಇರಲಿಲ್ಲ.

ನಮ್ಮ ಮಠಗಳನ್ನು ಇದರೊಂದಿಗೆ ತಳಕು ಹಾಕುವ ಅವಸರ ಬೇಡ. ತುಮಕೂರಿನ ಸಿದ್ಧಗಂಗೆಯಂಥ ಕಡೆ ಅನ್ನ, ಅಕ್ಷರ ಕಂಡ ಮಕ್ಕಳು ಸಾವಿರಾರು. ಆ ಋಣ ದೊಡ್ಡದು, ಅದನ್ನು ಹೊಗಳಲು ಯಾರೂ ಹಿಂಜರಿಯಬೇಕಿಲ್ಲ. ಆ ಅನ್ನ ಅಷ್ಟು ನಿರ್ಮಲವಾಗಿರುವುದಕ್ಕೆ ಒಂದು ಕಾರಣ, ಅದರ ಹಿಂದೆ ಪೊಲೀಸ್ ಠಾಣೆ ಇಲ್ಲದಿರುವುದು. ಉಂಡವನು ನಾಳೆ ನಂಬಿಕೆ ಬಿಟ್ಟು ನಡೆದರೂ ಯಾರೂ ಅವನ ಮೇಲೆ ಕೇಸು ಹಾಕುವಂತಿಲ್ಲ. ಸ್ವಾಮಿಗಳೇ ಮುಖ್ಯಮಂತ್ರಿಯಾಗಲಿ ಎಂದು ಪ್ರೀತಿಯಿಂದ ಹಾರೈಸುವವರು ಆ ಪ್ರೀತಿಯಲ್ಲೇ ಇದನ್ನೂ ಯೋಚಿಸಲಿ. ಶಾಸಕ ತಪ್ಪು ಮಾಡಿದರೆ ಬೈದು, ಮುಂದಿನ ಚುನಾವಣೆಯಲ್ಲಿ ಸೋಲಿಸುತ್ತೀರಿ. ನಿಮ್ಮ ಗುರುವನ್ನು ಸೋಲಿಸಲು ನಿಮ್ಮ ಕೈ ಏಳುತ್ತದೆಯೇ?

ಕಾಂಪನೆಲ್ಲಾ ಒಟ್ಟು 27 ವರ್ಷ ಸೆರೆಯಲ್ಲಿದ್ದು 1626ರಲ್ಲಿ ನೇಪಲ್ಸ್‌ನಿಂದ ಹೊರಬಂದ. ಸೆರೆಯಲ್ಲಿದ್ದಾಗಲೇ ಗೆಲಿಲಿಯೊ ಪರವಾಗಿ ಪುಸ್ತಕ ಬರೆದಿದ್ದ. ರೋಮ್‌ನಲ್ಲಿ ಪೋಪ್ ಎಂಟನೆಯ ಅರ್ಬನ್‌ಗೆ ಗ್ರಹಣದೋಷ ತಟ್ಟದಂತೆ ಮುಚ್ಚಿದ ಕೋಣೆಯಲ್ಲಿ ದೀಪ ಹಚ್ಚಿ ಶಾಂತಿ ಮಾಡಿಸಿದ. 1634ರಲ್ಲಿ ಫ್ರಾನ್ಸಿಗೆ ಓಡಿಹೋಗಿ, 1639ರಲ್ಲಿ ಪ್ಯಾರಿಸ್‌ನ ಮಠವೊಂದರಲ್ಲಿ ತೀರಿಕೊಂಡ. ಸೂರ್ಯನಗರದ ಕಾನೂನಿನಲ್ಲಿ ಒಂದು ವಿನಾಯಿತಿ ಇದೆ: ಅಪರಾಧ ರಾಜ್ಯದ ಸ್ವಾತಂತ್ರ್ಯದ ವಿರುದ್ಧವೋ ದೇವರ ವಿರುದ್ಧವೋ ಮಹಾ ಅಧಿಕಾರಿಗಳ ವಿರುದ್ಧವೋ ಆಗಿದ್ದರೆ ವಾದವಿಲ್ಲ, ಒಪ್ಪಿಗೆ ಕೇಳುವುದಿಲ್ಲ, ದಯೆಯೂ ಇಲ್ಲ, ಕೂಡಲೇ ಶಿಕ್ಷೆ. ನೇಪಲ್ಸ್‌ನಲ್ಲಿ ಅವನ ಮೇಲಿದ್ದದ್ದು ಹೆಚ್ಚುಕಡಿಮೆ ಇವೇ ಆರೋಪಗಳು. ಅವನೇ ಬರೆದ ಊರಿನಲ್ಲಿ ಹಿಡಿದಿದ್ದರೆ ಅವನು ಆ ಪುಸ್ತಕ ಬರೆಯಲು ಉಳಿಯುತ್ತಿರಲಿಲ್ಲ.