ಬಹುದಿನದ ಓಟವೂ ನಿತ್ಯದ ನಿಯಮವೂ

ಒಂದೇ ದಿನ ಪ್ರಕಟವಾಗುವ ಪರಾಕ್ರಮ ದೊಡ್ಡದೋ, ಹಲವು ದಿನ ಕುಂದದೆ ನಡೆಯುವ ಸಾಧನೆ ದೊಡ್ಡದೋ? 2026ರ ಜನವರಿಯಲ್ಲಿ ಪುಣೆ ಜಿಲ್ಲೆಯಲ್ಲಿ ಹಂತಹಂತವಾಗಿ ಸಾಗುವ ಅಂತರರಾಷ್ಟ್ರೀಯ ಸೈಕಲ್ ಸ್ಪರ್ಧೆ ನಡೆಯಿತು. ವಿಜಯಪುರ, ಬಾಗಲಕೋಟೆಗಳು ಮೊದಲಿನಿಂದಲೂ ಸೈಕಲ್ ಪಟುಗಳ ಸೀಮೆ. ಆದುದರಿಂದ ಹೆದ್ದಾರಿಯ ಮಗ್ಗುಲಿನ ಯಮಕನಮರಡಿಯಲ್ಲಿಯೂ ಈ ಪ್ರಶ್ನೆ ಚರ್ಚೆಗೆ ಬಂದರೆ ಆಶ್ಚರ್ಯವಿಲ್ಲ.

ಪೂರ್ವಪಕ್ಷದವರು ಹೇಳುವುದೇನೆಂದರೆ: ಒಂದು ದಿನದ ಪಂದ್ಯದಲ್ಲಿ ಸವಾರನು ತನ್ನ ಸರ್ವಸ್ವವನ್ನೂ ಪಣಕ್ಕಿಡುತ್ತಾನೆ, ಸಂಜೆಗೆ ನಿರ್ಣಯವಾಗುತ್ತದೆ. ಮೂರು ವಾರಗಳ ಫ್ರಾನ್ಸ್ ಪರ್ಯಟನ ಸ್ಪರ್ಧೆಯಲ್ಲಾದರೋ ಬಯಲುದಾರಿಯ ಹಂತಗಳಲ್ಲಿ ಗಂಟೆಗಟ್ಟಲೆ ಏನೂ ಘಟಿಸದು. ಅದರಲ್ಲಿ ನೋಡತಕ್ಕದ್ದೇನು?

ಈ ಆಕ್ಷೇಪ ಯುಕ್ತವೆಂದು ತೋರಿದರೂ ಪೂರ್ಣವಲ್ಲ. 1903ರಲ್ಲಿ ಆರಂಭವಾದ ಆ ಸ್ಪರ್ಧೆಯಲ್ಲಿ ಇಂದು ಪ್ರತಿ ಹಂತದ ಕಾಲವನ್ನೂ ಕೂಡಿಸಿ, ಒಟ್ಟು ಕಾಲ ಕಡಿಮೆಯಿದ್ದವನನ್ನು ವಿಜಯಿಯೆಂದು ಸಾರುತ್ತಾರೆ. 1989ರಲ್ಲಿ ಸುಮಾರು 3,285 ಕಿ.ಮೀ. ಕ್ರಮಿಸಿದ ಮೇಲೆ ಗ್ರೆಗ್ ಲೆಮಾಂಡ್ ಗೆದ್ದುದು ಕೇವಲ 8 ಸೆಕೆಂಡುಗಳಿಂದ. ಮರುವರ್ಷ ಆತನು ಒಂದು ಹಂತವನ್ನೂ ಗೆಲ್ಲದೆ ಸ್ಪರ್ಧೆಯನ್ನೇ ಗೆದ್ದನು. ಏನೂ ಘಟಿಸದಂತೆ ಕಂಡ ದಿನವೂ ಲೆಕ್ಕಕ್ಕೆ ಬಂದೇ ಬರುತ್ತದೆ. ಆ ದಿನಗಳಲ್ಲಿ ಸಹಾಯಕ ಸವಾರರು ಮುಂದೆ ನಿಂತು ಗಾಳಿಯನ್ನು ಸೀಳುತ್ತಾರೆ. ನೀರಿನ ಬಾಟಲಿಗಳನ್ನು ತಂದು ನಾಯಕನಿಗೆ ಕೊಡುತ್ತಾರೆ. ವಿಜಯಿಗಳ ಪಟ್ಟಿಯಲ್ಲಿ ಅವರ ಹೆಸರಿರುವುದಿಲ್ಲ.

ಹಾಗಾದರೆ ದೀರ್ಘಕಾಲದ ದೇಹಶ್ರಮವೆಲ್ಲವೂ ಸದ್ಗುಣವೇ? ಅಲ್ಲ. ಲ್ಯಾನ್ಸ್ ಆರ್ಮ್‌ಸ್ಟ್ರಾಂಗನು 1999ರಿಂದ 2005ರವರೆಗೆ ಏಳು ಬಾರಿ ಗೆದ್ದನೆಂದು ಜಗತ್ತು ಕೊಂಡಾಡಿತ್ತು. ನಿಷಿದ್ಧ ಔಷಧಗಳ ಸೇವನೆಗಾಗಿ 2012ರಲ್ಲಿ ಆ ಏಳೂ ಪದವಿಗಳು ರದ್ದಾದವು. ಆ ಸ್ಥಾನಗಳನ್ನು ಬೇರೆ ಯಾರಿಗೂ ಕೊಡಲಿಲ್ಲ. ಶ್ರಮ ನಿಜವಾಗಿತ್ತು, ಅದರೊಳಗೆ ಮಾಯೆ ಸೇರಿತ್ತು. ವ್ರತಿಯು ಶಲ್ಯರಹಿತನಾಗಿರಬೇಕೆಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ವಿಧಿಸಿರುವುದು ಇಲ್ಲಿ ಸ್ಮರಣೀಯ. ಮಾಯೆ, ಮಿಥ್ಯಾತ್ವ, ನಿದಾನಗಳೇ ಆ ಮೂರು ಶಲ್ಯಗಳು.

ಸ್ಪರ್ಧಾಳುವಿಗೆ ಫಲಾಪೇಕ್ಷೆಯೇ ಪ್ರೇರಣೆ; ವ್ರತಿಗೆ ಅದೇ ನಿದಾನವೆಂಬ ಮುಳ್ಳು. ಆದುದರಿಂದ ಸೈಕಲ್ ಸವಾರಿಯು ತಪಸ್ಸಿಗೆ ಸಮಾನವೆನ್ನಲಾಗದು. ಆದರೂ ಆ ನೋಟದಿಂದ ಗ್ರಹಿಸಬೇಕಾದುದೊಂದುಂಟು. ದಶಲಕ್ಷಣ ಪರ್ವದಲ್ಲಿ ಉಪವಾಸ ಮಾಡಿದವರನ್ನು ನಾವು ಗೌರವಿಸುತ್ತೇವೆ; ಅದು ಉಚಿತವೇ. ಆದರೆ ವರ್ಷವಿಡೀ ರಾತ್ರಿಭೋಜನವನ್ನು ತ್ಯಜಿಸಿದ ಹಿರಿಯರನ್ನು ಗಮನಿಸುವವರೆಷ್ಟು ಮಂದಿ? ಉಪವಾಸಿಗಳಿಗಾಗಿ ಬೆಳಗಿನ ಜಾವ ಎದ್ದು ನೀರು ಸೋಸಿ, ಕಾಯಿಸಿ, ಪಾರಣೆಗೆ ಅಣಿಮಾಡುವ ತಾಯಿಗೆ ಯಾವ ಹಾರವಿದೆ?

ಬೆಟ್ಟದ ಹಂತವನ್ನು ಎಲ್ಲರೂ ನೋಡುತ್ತಾರೆ. ಬಯಲಿನ ಹಂತವನ್ನೂ ನೋಡಬಲ್ಲವನೇ ಓಟವನ್ನು ಅರಿತವನು. ಮನೆಯ ಧರ್ಮವನ್ನು ಅರಿಯುವ ಬಗೆಯೂ ಅದೇ. ಶ್ರಾವಕ ಬಂಧುಗಳು ಪರ್ವ ಮುಗಿದ ಮರುದಿನದ ತಮ್ಮ ನಡೆಯನ್ನೊಮ್ಮೆ ಲೆಕ್ಕ ಹಾಕಿಕೊಳ್ಳಲಿ.